ಜಪಾನಿನ ಯುದ್ಧಕಾಲದ ರೈತ ಮತ್ತು ಅವನ ಮಗಳು: ಯಾರದೋ ಜಗಳದಲ್ಲಿ ಇವರಿಗೆ ನಿಜವಾಗಿ ಏನಾಗುತ್ತಿತ್ತು?

ಹಳೆಪುಟ:

ಸಮುರಾಯ್ ಕಥೆಗಳನ್ನ ಇಷ್ಟಪಡುವವರಿಗೆಲ್ಲ ಈ ಸನ್ನಿವೇಶ ಪರಿಚಯ ಇರುತ್ತದೆ. ಒಂದು ಬಡ ಹಳ್ಳಿ, ಅಲ್ಲೊಬ್ಬ ರೈತ, ಅವನಿಗೆ ವಯಸ್ಸಿಗೆ ಬಂದ ಮಗಳು. ಗೊತ್ತಿಲ್ಲದ ಎರಡು ಗುಂಪುಗಳು ಅದೇ ಊರಿಗೆ ಬಂದು ಹೊಡೆದಾಡುತ್ತವೆ. ಕೊನೆಗೆ ಒಬ್ಬ ಕತ್ತಿವೀರ ಅಪ್ಪ ಮಗಳನ್ನ ಕಾಪಾಡಿ ತನ್ನ ದಾರಿ ಹಿಡಿಯುತ್ತಾನೆ. ಈ ಕಥೆಗಳಲ್ಲಿ ಅವರಿಬ್ಬರೂ ಪಾಪ, ಸುಮ್ನೆ ಮಧ್ಯೆ ಸಿಕ್ಕಿಬಿದ್ದವರು.

ನಾನು ಹೇಳಬೇಕೆಂದಿರುವುದು ಬೇರೆ. 1467ರಲ್ಲಿ ಓನಿನ್ ಯುದ್ಧ ಅನ್ನುವ ಅಂತರ್ಯುದ್ಧ ಶುರುವಾದಾಗಿನಿಂದ 1615ರಲ್ಲಿ ಒಸಾಕಾ ಕೋಟೆ ಬೀಳುವವರೆಗೆ, ಸುಮಾರು ನೂರೈವತ್ತು ವರ್ಷ, ಎಷ್ಟೋ ಸೈನಿಕರು ಹಳ್ಳಿಗೆ ನುಗ್ಗುತ್ತಿದ್ದದ್ದೇ ಆ ಮಗಳನ್ನ ಹಿಡಿದುಕೊಂಡು ಹೋಗುವುದಕ್ಕೆ. ಅವಳೇ ಅವರ ಕೂಲಿ.

ಎರಡು ದಾಖಲೆ ನೋಡಿ. 1540ರ ದಶಕದಲ್ಲಿ ಕಾಯ್ ಪ್ರಾಂತ್ಯದ ತಕೇದಾ ಸೈನ್ಯ ಪಕ್ಕದ ಶಿನಾನೊ ಪ್ರಾಂತ್ಯದ ಮೇಲೆ ದಂಡೆತ್ತಿ ಹೋಗುತ್ತದೆ. ಫುಜಿ ಬೆಟ್ಟದ ತಪ್ಪಲಿನ ಒಂದು ಬೌದ್ಧ ಮಠದ ವರ್ಷಾವರಿ ದಾಖಲೆಯಲ್ಲಿ ಇದರ ಬಗ್ಗೆ ಬರೆದಿದೆ. ಗಂಡಸರು ಹೆಂಗಸರನ್ನ ಜೀವಂತ ಹಿಡಿದು ಕಾಯ್‌ಗೆ ಸಾಗಿಸಿದರು, ನೆಂಟರು ಇದ್ದವರನ್ನ ಎರಡು, ಮೂರು, ಐದು, ಹತ್ತು ಕನ್ ಕೊಟ್ಟು ಬಿಡಿಸಿಕೊಂಡರು ಅಂತ. ಒಂದು ಕನ್ ಅಂದರೆ ಸಾವಿರ ತಾಮ್ರದ ಕಾಸು. ಆ ಕಾಸಿಗೆ ಮೊನ್ ಅನ್ನುತ್ತಿದ್ದರು.

ಇನ್ನೊಂದು 1566ರದ್ದು. ಉಎಸುಗಿ ಕೆನ್‌ಶಿನ್ ಅನ್ನುವ ದೊರೆ ಹಿತಾಚಿ ಪ್ರಾಂತ್ಯದ ಓದಾ ಕೋಟೆಯನ್ನ ಹಿಡಿದ. ಆಮೇಲೆ ಅಲ್ಲಿ ಮನುಷ್ಯರ ಮಾರಾಟ ನಡೆಯಿತು, ತಲೆಗೆ ಇಪ್ಪತ್ತು ಮೂವತ್ತು ಕಾಸು ಅಂತ ಅಲ್ಲಿನ ದಾಖಲೆ ಹೇಳುತ್ತದೆ. ಈ ಕೆನ್‌ಶಿನ್‌ನನ್ನ ಜಪಾನಿನ ಜನ ಇವತ್ತಿಗೂ ಧರ್ಮಿಷ್ಠ ವೀರ ಅಂತ ನೆನೆಯುತ್ತಾರೆ.

ಯಾಕೆ ಹೀಗೆ ಅಂದರೆ, ಆ ಸೈನ್ಯಗಳಲ್ಲಿ ಕುದುರೆ ಮೇಲೆ ಕೂತ ಸಮುರಾಯ್‌ಗಳು ಕಡಿಮೆ. ಜಾಸ್ತಿ ಇದ್ದವರು ಕಾಲಾಳುಗಳು, ಸಾಮಾನು ಹೊರುವವರು, ಹೊಟ್ಟೆಪಾಡಿಗೆ ಬಂದು ಸೇರಿಕೊಂಡವರು. ಅವರಿಗೆ ಗೆದ್ದ ನೆಲದಲ್ಲಿ ಪಾಲಿಲ್ಲ, ಸಂಬಳ ಅಂತ ನೆಚ್ಚಿಕೊಳ್ಳುವಂಥದ್ದೂ ಇಲ್ಲ. ಕೈಗೆ ಸಿಕ್ಕಿದ ಅಕ್ಕಿ, ಕುದುರೆ, ಬಟ್ಟೆ, ಮನುಷ್ಯರು, ಇದಿಷ್ಟೇ ಲಾಭ. ಇತಿಹಾಸಕಾರ ಫುಜಿಕಿ ಹಿಸಾಶಿ 1990ರ ದಶಕದಲ್ಲಿ ಇದನ್ನೆಲ್ಲ ಒಟ್ಟುಮಾಡಿ ತೋರಿಸಿದರು. ಹಿಂದಿನ ಫಸಲು ಖಾಲಿಯಾಗಿ ಮುಂದಿನದು ಇನ್ನೂ ಕೈಗೆ ಬರದ ತಿಂಗಳುಗಳಲ್ಲಿ ದಂಡಯಾತ್ರೆ ನಡೆಯುತ್ತಿತ್ತಲ್ಲ, ಅದಕ್ಕೂ ಹಸಿವಿಗೂ ಇರುವ ನಂಟನ್ನ ಅವರು ಎತ್ತಿ ಹೇಳಿದರು. ಅವರ ಬರಹದ ಸಾರಾಂಶ ಓದಿದ ಮೇಲೆ ನನಗೆ ಹಳೇ ಕಥೆಗಳನ್ನ ಮೊದಲಿನ ಹಾಗೆ ನೋಡಲು ಆಗುತ್ತಿಲ್ಲ. ನಿಮಗೆ ಗೊತ್ತಿರುವುದನ್ನೂ ಹಂಚಿಕೊಳ್ಳಿ.

ರಾಗಿಹೊಲ:

ಒಳ್ಳೆ ವಿಷಯ ಎತ್ತಿದ್ದೀರಿ ಸರ್. ಆದರೆ ಹಳ್ಳಿಯವರು ಕೈಕಟ್ಟಿ ಕೂತಿದ್ದರು ಅನ್ನುವ ಹಾಗೆ ಬರೆದರೆ ನಾನು ಒಪ್ಪಲ್ಲ. ನಮ್ಮದೂ ರೈತರ ಮನೆ. ಬೆಳೆ, ದನ, ಮಕ್ಕಳು ಅಂತ ಬಂದರೆ ಯಾವ ಊರಿನ ಜನವೂ ಸುಮ್ಮನಿರಲ್ಲ. ಅವರು ಏನೇನು ಮಾಡುತ್ತಿದ್ದರು ಅಂತ ಯಾರಾದರೂ ಹೇಳಿ.

ಒಸಾಕಾವಾಸಿ:

ರಾಗಿಹೊಲ ಸರ್, ನೀವು ಕೇಳಿದ್ದಕ್ಕೆ ನಾನಿರುವ ಊರಿನ ಹತ್ತಿರದಲ್ಲೇ ಉತ್ತರ ಇದೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಒಸಾಕಾದ ದಕ್ಷಿಣಕ್ಕೆ ಇಝುಮಿಸಾನೊ ಅಂತ ಊರು. ಅಲ್ಲಿ ಹಿನೆನೊ ಅನ್ನುವ ಹಳೇ ಜಹಗೀರು ಇತ್ತು. ಅದರ ಒಡೆತನ ಕ್ಯೋಟೋದ ಕುಜೋ ಮನೆತನದ್ದು. 1501ರಲ್ಲಿ ಆ ಮನೆತನದ ಹಿರಿಯ ಕುಜೋ ಮಸಮೊತೊ, ಒಂದು ಕಾಲಕ್ಕೆ ಚಕ್ರವರ್ತಿಯ ಆಸ್ಥಾನದಲ್ಲಿ ಅತಿ ದೊಡ್ಡ ಹುದ್ದೆಯಲ್ಲಿದ್ದವನು, ಕಂದಾಯ ಬರುತ್ತಿಲ್ಲ ಅಂತ ತಾನೇ ಬಂದು ಹಳ್ಳಿಯಲ್ಲಿ ಕೂತ. 1504ರವರೆಗೆ ಇದ್ದ. ಅಲ್ಲಿ ನಡೆದದ್ದನ್ನ ದಿನಚರಿಯಲ್ಲಿ ಬರೆದಿಟ್ಟ. ಹಳ್ಳಿಯವರ ಬದುಕನ್ನ ಇಷ್ಟು ಹತ್ತಿರದಿಂದ ತೋರಿಸುವ ಬರಹ ಆ ಕಾಲದಲ್ಲಿ ತುಂಬ ಅಪರೂಪ.

ಅಲ್ಲಿ ಜಗಳ ಯಾರದು? ಒಂದು ಕಡೆ ಇಝುಮಿಯ ರಾಜ್ಯಪಾಲರು, ಹೊಸೊಕಾವಾ ಮನೆತನದವರು. ಇನ್ನೊಂದು ಕಡೆ ಬೆಟ್ಟದಾಚೆಯ ನೆಗೊರೊ ದೇವಾಲಯ, ಅದಕ್ಕೆ ತನ್ನದೇ ಸೈನ್ಯ ಇತ್ತು. ರೈತರಿಗೆ ಎರಡೂ ಕಡೆಯವರು ಪರಕೀಯರೇ. ಸಾನೊ ಸಂತೆಗೆ ಹೋದ ಹಳ್ಳಿಗರನ್ನ ರಾಜ್ಯಪಾಲರ ಆಳುಗಳು ಅಲ್ಲೇ ಹಿಡಿದುಹಾಕಿದರು. ಉಪ್ಪು ಮೀನು ತರೋಣ ಅಂತ ಸಂತೆಗೆ ಹೋದ ಅಪ್ಪ ಮನೆಗೆ ವಾಪಸ್ ಬರಲಿಲ್ಲ ಅಂದರೆ ಮನೆಯಲ್ಲಿದ್ದ ಮಕ್ಕಳ ಗತಿ ಏನು, ಯೋಚನೆ ಮಾಡಿ.

ಸೈನ್ಯ ಬರುತ್ತಿದೆ ಅಂತ ಸುದ್ದಿ ಬಂದರೆ ಸಾಮಾನು, ದನ, ಹೆಂಗಸರು ಮಕ್ಕಳು ಎಲ್ಲ ಬೆಟ್ಟ ಹತ್ತುತ್ತಿದ್ದರು. ಬರೀ ಓಡುವುದಲ್ಲ, ಎಲ್ಲಿ ಅಡಗಬೇಕು ಅನ್ನುವುದು ಮೊದಲೇ ಗೊತ್ತಿರುತ್ತಿತ್ತು. ಜಪಾನಿನ ಬೇರೆ ಕಡೆಗಳಲ್ಲೂ ಹಳ್ಳಿಗಳ ಹಿಂದಿನ ಗುಡ್ಡದಲ್ಲಿ ಮಣ್ಣಿನ ದಿಬ್ಬ, ಕಂದಕ ತೋಡಿದ ಸಣ್ಣ ಅಡಗುದಾಣಗಳ ಗುರುತು ಸಿಕ್ಕಿದೆ. ಅವುಗಳಲ್ಲಿ ಎಷ್ಟೋ ಹಳ್ಳಿಯವರೇ ಕಟ್ಟಿಕೊಂಡವು.

ಇನ್ನೊಂದು ಉಪಾಯ ದುಡ್ಡಿನದು. ಬರುವ ಸೈನ್ಯದ ದೊರೆಯ ಹತ್ತಿರ ಮೊದಲೇ ಹೋಗಿ, ಶುಲ್ಕ ಕಟ್ಟಿ, ಒಂದು ನಿಷೇಧಾಜ್ಞೆ ಬರೆಸಿಕೊಂಡು ಬರುವುದು. ಅದಕ್ಕೆ ಕಿನ್ಝೆಯ್ ಅಂತ ಹೆಸರು. ಸಾಮಾನ್ಯವಾಗಿ ಮೂರು ಸಾಲು ಇರುತ್ತಿತ್ತು: ಈ ಊರಲ್ಲಿ ಸೈನಿಕರು ಲೂಟಿ ದೌರ್ಜನ್ಯ ಮಾಡಕೂಡದು, ಬೆಂಕಿ ಇಡಕೂಡದು, ಮರ ಬಿದಿರು ಕಡಿಯಕೂಡದು. ಅದನ್ನ ಹಲಗೆ ಮೇಲೆ ಬರೆದು ಊರ ಬಾಗಿಲಲ್ಲಿ ನೆಡುತ್ತಿದ್ದರು. ಯಾರು ಗೆಲ್ಲುತ್ತಾರೋ ಗೊತ್ತಿಲ್ಲದಾಗ ಎರಡೂ ಕಡೆಯಿಂದ ಒಂದೊಂದು ಕೊಂಡುಕೊಳ್ಳುವುದೂ ಇತ್ತು. ಹಲಗೆ ಇದ್ದರೂ ಸೈನಿಕರು ನುಗ್ಗಿದರೆ ಅವರನ್ನ ತಡೆಯುವ ಕೆಲಸ ಮಾತ್ರ ಊರಿನವರದ್ದೇ. ಆ ಹಲಗೆಯಿಂದ ಸಿಗುತ್ತಿದ್ದದ್ದು ಹಾಗೆ ತಡೆಯುವ ಅಧಿಕಾರ ಅಷ್ಟೇ.

ಈಗ ಕಷ್ಟದ ಭಾಗ. 1504ರ ಶುರುವಿನಲ್ಲಿ ಅಲ್ಲಿ ಬರ. ಜನ ಕಾಡಿನ ಒಂದು ಜರೀಗಿಡದ ಬೇರು ಅಗೆದು, ಜಜ್ಜಿ, ನೀರಲ್ಲಿ ತೊಳೆದು ಅದರ ಹಿಟ್ಟು ತಿಂದು ಬದುಕುತ್ತಿದ್ದರು. ಕಹಿ ಹೋಗಲಿ ಅಂತ ಹೊಳೆಯಲ್ಲಿ ನೆನೆಹಾಕಿರುತ್ತಿದ್ದರು. ರಾತ್ರಿ ಯಾರೋ ಅದನ್ನ ಕದಿಯತೊಡಗಿದರು. ಕಾವಲು ಕೂತ ಊರಿನವರು ಕಳ್ಳರನ್ನ ಬೆನ್ನಟ್ಟಿದಾಗ ಅವರು ಹೊಕ್ಕಿದ್ದು ಊರ ದೇವಸ್ಥಾನದ ಪೂಜೆಯವಳ ಮನೆ. ಆ ಕಳ್ಳರು ಅವಳ ಗಂಡುಮಕ್ಕಳೇ. ಮಕ್ಕಳ ಜೊತೆ ತಾಯಿಯನ್ನೂ ಕೊಂದರು. ಆಮೇಲೆ ಮತ್ತೂ ಕೆಲವರನ್ನ ಕೊಂದರು. ಮಸಮೊತೊ ಇದನ್ನ ಬರೆದು, ಕಳ್ಳತನ ಮಾಡಿದ್ದಕ್ಕೆ ಆಯಿತು, ಏನೂ ಮಾಡುವ ಹಾಗಿಲ್ಲ ಅನ್ನುವ ಅರ್ಥದ ಮಾತಿನ ಜೊತೆಗೆ ಬುದ್ಧನ ಹೆಸರು ಹೇಳಿ ಮುಗಿಸುತ್ತಾನೆ.

ನಾನು ಆ ಕಣಿವೆಗೆ ಹೋಗಿದ್ದೇನೆ. ಗದ್ದೆ, ಹೊಳೆ, ದೇವಸ್ಥಾನ ಎಲ್ಲ ಅಲ್ಲೇ ಇವೆ. ಹೊಳೆಯಲ್ಲಿ ನೀರು ಮೊಣಕಾಲುದ್ದ ಇತ್ತು. ಹಿಟ್ಟಿನ ಬುಟ್ಟಿ ಇಡುವುದಕ್ಕೆ ಎಷ್ಟು ಅನುಕೂಲವೋ ಕದಿಯುವುದಕ್ಕೂ ಅಷ್ಟೇ ಸುಲಭ ಅಂತ ನೋಡಿದ ಕೂಡಲೇ ಅನ್ನಿಸಿತು.

ತೋಟದಮನೆ:

ಓದಿ ಹೊಟ್ಟೆ ತೊಳಸಿದ ಹಾಗಾಯಿತು. ಹಳೆಪುಟ ಸರ್, ಒಂದು ಪ್ರಶ್ನೆ. ಎರಡು ಕನ್ ಕೊಟ್ಟು ಮಗಳನ್ನ ಬಿಡಿಸಿಕೊಳ್ಳಬೇಕು ಅಂದರೆ ಅದು ಒಬ್ಬ ಸಾಧಾರಣ ರೈತನ ಕೈಲಿ ಆಗುವ ಮೊತ್ತವೇ? ಮತ್ತೆ ಅವನು ಶತ್ರುವಿನ ಊರಿಗೆ ಹೋಗಿ ಹೇಗೆ ಕೇಳುತ್ತಿದ್ದ? ಹೋದರೆ ಅವನನ್ನೂ ಹಿಡಿದು ಹಾಕಲ್ವಾ?

ಹಳೆಪುಟ:

ತೋಟದಮನೆಯವರೇ, ಅಂದಾಜು ಹೇಳುತ್ತೇನೆ. ಒಂದು ಕೊಕು ಅಕ್ಕಿ, ಅಂದರೆ ಈಗಿನ ಲೆಕ್ಕದಲ್ಲಿ ಸುಮಾರು 150 ಕಿಲೋ, ಒಬ್ಬ ಮನುಷ್ಯನಿಗೆ ಒಂದು ವರ್ಷಕ್ಕೆ ಸಾಕಾಗುವಷ್ಟು ಅಂತ ಎಣಿಸುತ್ತಿದ್ದರು. ಅದರ ಬೆಲೆ ಊರಿಂದೂರಿಗೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿತ್ತು, ಸಾಮಾನ್ಯವಾಗಿ 500ರಿಂದ 1000 ಕಾಸಿನ ಆಸುಪಾಸು. ಹಾಗಾದರೆ ಎರಡು ಕನ್ ಅಂದರೆ ಎರಡರಿಂದ ನಾಲ್ಕು ಜನರ ವರ್ಷದ ಅನ್ನ. ಹತ್ತು ಕನ್ ಅಂದರೆ ಒಂದು ದೊಡ್ಡ ಸಂಸಾರದ ಎರಡು ಮೂರು ವರ್ಷದ ಅನ್ನ. ಸಾಲ ಮಾಡಬೇಕು, ಹೊಲ ಅಡ ಇಡಬೇಕು, ನೆಂಟರ ಮನೆ ಬಾಗಿಲು ತಟ್ಟಬೇಕು. ದಾಖಲೆಯಲ್ಲಿ ‘ನೆಂಟರು ಇದ್ದವರನ್ನ’ ಅಂತ ಇದೆಯಲ್ಲ, ನನಗೆ ಕಣ್ಣು ನಿಂತದ್ದು ಅಲ್ಲೇ. ನೆಂಟರು ಇಲ್ಲದವರು ಅಲ್ಲೇ ಉಳಿದರು.

ಓದಾ ಕೋಟೆಯ ಇಪ್ಪತ್ತು ಮೂವತ್ತು ಕಾಸನ್ನ ಇದರ ಪಕ್ಕ ಇಟ್ಟು ನೋಡಿ. ಕ್ಯೋಟೋದಲ್ಲಿ ಒಬ್ಬ ನುರಿತ ಬಡಗಿಯ ದಿನಗೂಲಿ ನೂರು ಕಾಸಿನ ಹತ್ತಿರ ಇತ್ತು. ಅವನ ಒಂದು ದಿನದ ಕೂಲಿಗಿಂತ ಒಬ್ಬ ಮನುಷ್ಯ ಅಗ್ಗ. ಹಿಡಿದವರಿಗೆ ಅನ್ನ ಹಾಕಿ ಇಟ್ಟುಕೊಳ್ಳಲು ಆಗಲ್ಲ, ಬೇಗ ಕೈಬಿಡಬೇಕು, ಅದಕ್ಕೇ ಬೆಲೆ ಬಿದ್ದಿರಬೇಕು ಅಂತ ನನಗನ್ನಿಸುತ್ತದೆ. ಅಪ್ಪನ ಹತ್ತಿರ ಅದೇ ಜೀವಕ್ಕೆ ನೂರು ಪಟ್ಟು ಕೇಳಬಹುದು, ಯಾಕೆಂದರೆ ಅವನು ಕೊಡುತ್ತಾನೆ.

ನಿಮ್ಮ ಎರಡನೇ ಪ್ರಶ್ನೆ ತುಂಬ ಒಳ್ಳೆಯದು. ಈಗಿನ ಟೋಕಿಯೋ ಕೊಲ್ಲಿಯ ಒಂದು ದಡ ಹೋಜೋ ಮನೆತನದ್ದು, ಎದುರು ದಡ ಸತೊಮಿ ಮನೆತನದ್ದು. ರಾತ್ರಿ ದೋಣಿಗಳಲ್ಲಿ ಬಂದು ಕರಾವಳಿ ಹಳ್ಳಿಗಳಿಗೆ ಬೆಂಕಿ ಇಟ್ಟು ಹೆಂಗಸರು ಮಕ್ಕಳನ್ನ ಹೊತ್ತುಕೊಂಡು ಹೋಗುತ್ತಿದ್ದರು. ಹೋಜೋ ಕಡೆ ಇದ್ದ ಮಿಯುರಾ ಜೋಶಿನ್ ಅನ್ನುವವನು ಆಮೇಲೆ ಇದನ್ನ ಬರೆದಿದ್ದಾನೆ. ಕರಾವಳಿಯ ಕೆಲವು ಊರಿನವರು ತಮ್ಮ ದೊರೆಯನ್ನ ಕೇಳದೆ ಶತ್ರುವಿನ ಜೊತೆ ಒಳಗೊಳಗೇ ರಾಜಿ ಮಾಡಿಕೊಂಡರು. ಕಂದಾಯ ಅವನಿಗೂ ಕೊಟ್ಟು, ಇವನಿಗೂ ಕೊಟ್ಟು, ರಾತ್ರಿ ನೆಮ್ಮದಿಯಾಗಿ ಮಲಗಿದರು. ಇದಕ್ಕೆ ‘ಹಂತೆ’, ಅರ್ಧರ್ಧ ಅನ್ನುತ್ತಿದ್ದರು. ಸೆರೆಸಿಕ್ಕವರನ್ನ ಕೊಂಡು ವಾಪಸ್ ತರುವ ಮಧ್ಯವರ್ತಿಗಳೂ ಇಂಥ ಊರಿನವರೇ.

ದೊರೆಗಳ ಲೆಕ್ಕದಲ್ಲಿ ಇದು ದ್ರೋಹ ಆಗಬೇಕಿತ್ತು. ಆದರೆ ಗಡಿಯಲ್ಲಿ ಎಷ್ಟೋ ಕಡೆ ದೊರೆಗಳೂ ಇದನ್ನ ಒಪ್ಪಿಕೊಂಡರು. ಕಾಪಾಡಲು ಆಗದ ಮೇಲೆ ಪೂರ್ತಿ ಕಂದಾಯ ಯಾವ ಬಾಯಲ್ಲಿ ಕೇಳುವುದು?

ಸಂಜೆಓದು:

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ಇಲ್ಲಿವರೆಗೆ ಎಲ್ಲವೂ ಅಪ್ಪನ ಕಡೆಯಿಂದಲೇ ಬಂದಿದೆ. ಅವನು ದುಡ್ಡು ಹೊಂದಿಸಿದ, ಅವನು ಅಡಗಿಸಿದ, ಅವನು ರಾಜಿ ಮಾಡಿಕೊಂಡ. ಮಗಳು ಏನು ನೋಡಿದಳು?

ಒಬ್ಬಳ ಮಾತು ಉಳಿದಿದೆ. ಹೆಸರು ಓ-ಆನ್. ಹಳ್ಳಿಯವಳಲ್ಲ, ಅಪ್ಪ ಯಮಾದಾ ಕ್ಯೋರೆಕಿ 300 ಕೊಕು ಸಂಬಳದ ಸಮುರಾಯ್. ಆದರೂ ಮನೆಯಲ್ಲಿ ಬೆಳಿಗ್ಗೆ ಸಂಜೆ ಗಂಜಿಯೇ. ಹದಿಮೂರರಿಂದ ಹದಿನೇಳು ವರ್ಷದವರೆಗೆ ಅವಳಿಗೆ ಇದ್ದದ್ದು ಒಂದೇ ಬೇಸಿಗೆ ಉಡುಪು, ಬೆಳೆದಂತೆಲ್ಲ ಅದು ಮೊಣಕಾಲಿನ ಕೆಳಗೆ ಮುಚ್ಚುತ್ತಿರಲಿಲ್ಲ, ಕಾಲು ಮುಚ್ಚುವಷ್ಟು ಉದ್ದದ್ದು ಒಂದಿದ್ದರೆ ಸಾಕು ಅನ್ನಿಸುತ್ತಿತ್ತು ಅಂತ ಮುದುಕಿಯಾದ ಮೇಲೂ ನೆನಪಿಟ್ಟು ಹೇಳುತ್ತಾಳೆ. ಈ ಮಾತು ಓದಿದಾಗ ನನಗೆ ಅವಳು ನಮ್ಮ ಮನೆಯ ಹುಡುಗಿಯೇ ಅನ್ನಿಸಿಬಿಟ್ಟಳು.

1600ರಲ್ಲಿ ಸೆಕಿಗಹರಾ ಯುದ್ಧದ ಹೊತ್ತಿಗೆ ಈ ಸಂಸಾರ ಓಗಾಕಿ ಕೋಟೆಯೊಳಗೆ ಇತ್ತು. ಅವಳೂ ಉಳಿದ ಹೆಂಗಸರೂ ಗೋಪುರದಲ್ಲಿ ಕೂತು ಬಂದೂಕಿಗೆ ಗುಂಡು ಎರಕ ಹೊಯ್ಯುತ್ತಿದ್ದರು. ತಮ್ಮ ಕಡೆಯವರು ಕಡಿದು ತಂದ ಶತ್ರುಗಳ ತಲೆಗಳನ್ನ ಅಲ್ಲಿಗೇ ತರುತ್ತಿದ್ದರು, ಒಂದೊಂದಕ್ಕೂ ಹೆಸರಿನ ಚೀಟಿ ಕಟ್ಟುವುದು. ಹಲ್ಲಿಗೆ ಕಪ್ಪು ಹಚ್ಚುವುದು ಆಗ ದೊಡ್ಡ ಮನೆತನದವರ ಗುರುತು, ಹಾಗಾಗಿ ಬೆಲೆ ಜಾಸ್ತಿ ಆಗಲಿ ಅಂತ ಬಿಳೀ ಹಲ್ಲಿನ ತಲೆಗಳಿಗೆ ಕಪ್ಪು ಹಚ್ಚಿಕೊಡಿ ಅಂತ ಈ ಹೆಂಗಸರನ್ನ ಕೇಳುತ್ತಿದ್ದರು. ಹಚ್ಚಿದರು. ತಲೆ ಅಂದರೆ ಭಯ ಅನ್ನುವುದು ಹೋಯಿತು, ರಕ್ತದ ವಾಸನೆಯ ನಡುವೆಯೇ ಮಲಗುತ್ತಿದ್ದೆವು ಅನ್ನುತ್ತಾಳೆ. ಹದಿನಾಲ್ಕು ವರ್ಷದ ತಮ್ಮ ಅವಳ ಕಣ್ಣೆದುರೇ ಗುಂಡು ತಗುಲಿ ಸತ್ತ.

ಆಮೇಲೆ ಶತ್ರುಪಾಳೆಯದಿಂದ ಬಾಣಕ್ಕೆ ಕಟ್ಟಿದ ಕಾಗದ ಬಂತು. ಅವಳ ಅಪ್ಪ ಹಿಂದೊಮ್ಮೆ ಆ ಪಾಳೆಯದ ದೊರೆ ತೊಕುಗಾವಾ ಇಯೆಯಸುಗೆ ಬರಹ ಕಲಿಸಿದ್ದನಂತೆ, ಅದಕ್ಕಾಗಿ ಅವನು ಸಂಸಾರ ಸಮೇತ ಹೋಗುವುದಾದರೆ ಬಿಟ್ಟುಬಿಡುತ್ತೇವೆ ಅಂತ. ಕತ್ತಲಲ್ಲಿ ಗೋಡೆಯಿಂದ ಹಗ್ಗ ಇಳಿಬಿಟ್ಟು ಇಳಿದರು. ಕಂದಕ ದಾಟಿದ್ದು ಒಂದು ಬಾನಿಯಲ್ಲಿ ಕೂತು. ಸ್ವಲ್ಪ ದೂರ ನಡೆಯುವಷ್ಟರಲ್ಲಿ ತುಂಬು ಬಸುರಿ ತಾಯಿಗೆ ನೋವು ಬಂತು. ಗದ್ದೆ ಬದಿಯಲ್ಲೇ ಹೆಣ್ಣುಮಗು ಹುಟ್ಟಿತು. ಗದ್ದೆ ನೀರಲ್ಲೇ ಮಗುವನ್ನ ತೊಳೆದು ಬಟ್ಟೆಯಲ್ಲಿ ಸುತ್ತಿಕೊಂಡರು. ಅಪ್ಪ ತಾಯಿಯನ್ನ ಹೆಗಲ ಮೇಲೆ ಹೊತ್ತು ನಡೆದ.

ಅವಳು ಎಂಬತ್ತು ದಾಟುವವರೆಗೆ ತೊಸಾ ಪ್ರಾಂತ್ಯದಲ್ಲಿ ಬದುಕಿದ್ದಳು. ಸುತ್ತಲಿನ ಮಕ್ಕಳಿಗೆ ಇದನ್ನೆಲ್ಲ ಹೇಳುತ್ತಿದ್ದಳು, ಕೇಳಿದವರೊಬ್ಬರು ಬರೆದಿಟ್ಟರು. ಬಾಣದ ಕಾಗದ ಬಂದದ್ದು ಅಪ್ಪನಿಗೆ ಅಕ್ಷರ ಗೊತ್ತಿತ್ತು ಅಂತ. ಅದೇ ಸುತ್ತಲಿನ ಹಳ್ಳಿಗಳಲ್ಲಿ ಓದು ಬರಹ ಬಾರದ ಅಪ್ಪಂದಿರ ಹೆಣ್ಣುಮಕ್ಕಳಿಗೆ ಅಂಥ ಕಾಗದ ಬರಲಿಲ್ಲ, ಅವರ ಮಾತನ್ನ ಯಾರೂ ಬರೆದಿಡಲೂ ಇಲ್ಲ.

ತೋಟದಮನೆ:

ಸಂಜೆಓದು ಅಕ್ಕ, ತುಂಬ ಥ್ಯಾಂಕ್ಸ್. ಬಾನಿಯಲ್ಲಿ ಕಂದಕ ದಾಟಿದ್ದನ್ನ ನನ್ನ ಮಗಳಿಗೆ ಓದಿ ಹೇಳಿದೆ. ಆ ಮಗು ಬದುಕಿತಾ ಅಂತ ಕೇಳುತ್ತಲೇ ಇದ್ದಾಳೆ.

ಕಾರವಾರದಅಲೆ:

ಹೀಗೆ ಮಾರಿದವರು ಎಲ್ಲಿಗೆ ಹೋದರು ಅಂತ ಯಾರೂ ಕೇಳಲಿಲ್ಲ. ನಮ್ಮ ಪಕ್ಕಕ್ಕೇ ಬಂದರು, ಗೋವಾಕ್ಕೆ.

ಪೋರ್ಚುಗೀಸರು 1510ರಲ್ಲಿ ಬಿಜಾಪುರದ ಆದಿಲ್‌ಶಾಹಿಯಿಂದ ಗೋವಾ ಕಿತ್ತುಕೊಂಡದ್ದು ನಮಗೆಲ್ಲ ಗೊತ್ತು. 1543ರ ಹೊತ್ತಿಗೆ ಅವರು ಜಪಾನ್ ತಲುಪಿದರು. ಆಮೇಲೆ ಜಪಾನಿನ ಗುಲಾಮರು ಮಕಾವ್, ಗೋವಾ, ಲಿಸ್ಬನ್‌ವರೆಗೂ ಬಂದ ದಾಖಲೆಗಳಿವೆ. ಹೆಂಗಸರೂ ಇದ್ದರು. ಜಪಾನಿಯರನ್ನ ಗುಲಾಮರಾಗಿ ಕೊಳ್ಳಬಾರದು ಅಂತ ಪೋರ್ಚುಗಲ್ ದೊರೆ ಸೆಬಾಸ್ಟಿಯನ್ 1571ರ ಸುಮಾರಿಗೆ ಆಜ್ಞೆ ಹೊರಡಿಸಿದ. ವ್ಯಾಪಾರಿಗಳು ಕೇಳಲಿಲ್ಲ. 1598ರಲ್ಲಿ ಜಪಾನಿನ ಬಿಷಪ್ ಮತ್ತೆ ಬಹಿಷ್ಕಾರದ ಬೆದರಿಕೆ ಹಾಕಬೇಕಾಯಿತು.

ಪಾದ್ರಿ ಲೂಯಿಸ್ ಫ್ರೋಯಿಸ್ ಬರೆದ ಒಂದು ವಿಷಯ ಹಳೆಪುಟ ಸರ್ ಹೇಳಿದ ಅಗ್ಗದ ಬೆಲೆಗೆ ಸರಿಹೊಂದುತ್ತದೆ. 1586-87ರಲ್ಲಿ ಶಿಮಾಝು ಸೈನ್ಯ ಬುಂಗೊ ಪ್ರಾಂತ್ಯಕ್ಕೆ ನುಗ್ಗಿ ಜನರನ್ನ ಹಿಡಿದು ಹಿಗೊ ಪ್ರಾಂತ್ಯದಲ್ಲಿ ಮಾರಿತು. ಮರುವರ್ಷ ಹಿಗೊದಲ್ಲೇ ಬರ. ಕೊಂಡವರಿಗೇ ಊಟಕ್ಕಿಲ್ಲ. ಆ ಬುಂಗೊ ಜನರನ್ನ ಅವರು ಶಿಮಾಬಾರಾ ಕಡೆಗೆ ಹೊಡೆದುಕೊಂಡು ಹೋಗಿ ದನಗಳ ಹಾಗೆ ಮತ್ತೆ ಮಾರಿದರು. ಒಬ್ಬಳೇ ಹುಡುಗಿ ಎರಡು ವರ್ಷದಲ್ಲಿ ಎರಡು ಸಲ ಮಾರಾಟ ಆಗಿರಬಹುದು. ಅವಳ ಅಪ್ಪ ದುಡ್ಡು ಹೊಂದಿಸಿಕೊಂಡು ಹಿಗೊಗೆ ಹೋಗುವಷ್ಟರಲ್ಲಿ ಅವಳು ಅಲ್ಲಿಲ್ಲ.

ರಾಗಿಹೊಲ:

ಒಸಾಕಾವಾಸಿಯವರು ಹೇಳಿದ ಹಿಟ್ಟಿನ ಕಳ್ಳರ ಘಟನೆ ನನ್ನ ತಲೆಯಿಂದ ಹೋಗುತ್ತಿಲ್ಲ. ಅದರ ಜೊತೆಗೆ ಇದನ್ನೂ ಸೇರಿಸಬೇಕು. ಹಳ್ಳಿಯವರ ಹತ್ತಿರವೂ ಆಯುಧ ಇತ್ತು. ಸೋತು ಓಡಿಬರುವ ಸೈನಿಕರನ್ನ ದಾರಿಯಲ್ಲಿ ಅಡ್ಡಗಟ್ಟಿ ಕೊಂದು ಕವಚ, ಕತ್ತಿ ಕಿತ್ತುಕೊಳ್ಳುವುದು ನಡೆದೇ ಇತ್ತು. ಆಗ ಜಪಾನಿನ ಅತಿ ಬಲಿಷ್ಠ ದೊರೆಯಾಗಿದ್ದ ಓದಾ ನೊಬುನಾಗನನ್ನ ಕೊಲ್ಲಿಸಿದ ಅವನದೇ ಸೇನಾನಿ ಅಕೆಚಿ ಮಿತ್ಸುಹಿದೆ 1582ರಲ್ಲಿ ಯಮಾಝಾಕಿಯಲ್ಲಿ ಸೋತು ಓಡುವಾಗ, ಕ್ಯೋಟೋ ಹತ್ತಿರದ ಒಗುರುಸು ಅನ್ನುವಲ್ಲಿ ಹಳ್ಳಿಗರ ಈಟಿಗೆ ಬಲಿಯಾದ ಅಂತ ಹೇಳುತ್ತಾರೆ. ಆ ಬಿದಿರು ಮೆಳೆಗೆ ಇವತ್ತಿಗೂ ಅವನ ಹೆಸರೇ ಇದೆ.

ನಾನು ಇದನ್ನ ತಪ್ಪು ಅಂತ ಹೇಳಲಾರೆ. ಹಿಂದಿನ ವರ್ಷ ಮಗಳನ್ನ ಕಳೆದುಕೊಂಡ ಅಪ್ಪನೊಬ್ಬ ಆ ಮೆಳೆಯಲ್ಲಿ ಈಟಿ ಹಿಡಿದು ಕೂತಿದ್ದರೆ, ಮುಂದೆ ಬಂದ ಸೈನಿಕ ಯಾವ ಕಡೆಯವನು ಅಂತ ಅವನು ಯಾಕೆ ಕೇಳಬೇಕು? ಆದರೆ ಹೀಗೆ ಸತ್ತವರಲ್ಲಿ ಇನ್ಯಾವುದೋ ಊರಿಂದ ಹೊರೆ ಹೊರಲು ಹಿಡಿದು ತಂದ ರೈತನೂ ಇದ್ದೇ ಇರುತ್ತಾನೆ. ಅವನಿಗೂ ಮನೆಯಲ್ಲಿ ಒಬ್ಬಳು ಮಗಳು ಇರಬಹುದು ಅಲ್ವಾ. ಇದು ಹೇಗೆ ನಿಂತಿತು, ಅದನ್ನೂ ಹೇಳಿ ಸರ್.

ಹಳೆಪುಟ:

ಒಂದೇ ದಿನಕ್ಕೆ ನಿಲ್ಲಲಿಲ್ಲ. ನೊಬುನಾಗನ ನಂತರ ದೇಶವನ್ನ ಒಂದುಗೂಡಿಸಿದ ತೊಯೊತೊಮಿ ಹಿದೆಯೊಶಿ 1587ರಲ್ಲಿ ಜಪಾನಿಯರನ್ನ ಚೀನಾ, ಕೊರಿಯಾ, ಪೋರ್ಚುಗೀಸರ ನಾಡುಗಳಿಗೆ ಮಾರುವುದನ್ನ ನಿಷೇಧಿಸಿದ. 1588ರಲ್ಲಿ ರೈತರ ಕೈಯಿಂದ ಕತ್ತಿ, ಈಟಿ, ಬಂದೂಕು ಕಿತ್ತುಕೊಳ್ಳುವ ಆಜ್ಞೆ. 1590ರಲ್ಲಿ ಹೋಜೋ ಮನೆತನದ ಒದಾವರಾ ಕೋಟೆಯ ಮುತ್ತಿಗೆಯ ಹೊತ್ತಿಗೆ, ಹಿಡಿದ ಜನರನ್ನ ಅವರವರ ಊರಿಗೆ ವಾಪಸ್ ಕಳಿಸಿ ಅಂತ ತನ್ನ ಸೇನಾನಿಗಳಿಗೇ ಬರೆದ. ಜನ ಹಿಂತಿರುಗದಿದ್ದರೆ ಗದ್ದೆ ಉಳುವವರಿಲ್ಲ, ಕಂದಾಯ ಇಲ್ಲ. ಅವನಿಗೆ ಬೇಕಾಗಿದ್ದದ್ದು ಅದು. ಕಾರಣ ಏನೇ ಇರಲಿ, ಕೆಲವು ಅಪ್ಪಂದಿರಿಗೆ ಮಕ್ಕಳು ಸಿಕ್ಕಿರಬೇಕು, ಅಷ್ಟಕ್ಕೆ ನನಗೆ ಸಮಾಧಾನ.

ಆದರೆ 1592ರಲ್ಲಿ ಅದೇ ಹಿದೆಯೊಶಿ ಕೊರಿಯಾ ಮೇಲೆ ದಂಡೆತ್ತಿ ಹೋದ. ಇಲ್ಲಿ ನಿಷೇಧವಾದದ್ದು ಅಲ್ಲಿ ನಡೆಯಿತು. ಎರಡನೇ ದಂಡಯಾತ್ರೆಯ ಜೊತೆ 1597ರಲ್ಲಿ ಹೋಗಿದ್ದ ಕೆಯ್ನೆನ್ ಅನ್ನುವ ಬೌದ್ಧ ಸನ್ಯಾಸಿ ದಿನಚರಿ ಬರೆದಿದ್ದಾನೆ. ಸೈನ್ಯದ ಹಿಂದೆಯೇ ಬಂದ ವ್ಯಾಪಾರಿಗಳು ಕೊರಿಯಾದ ಗಂಡಸರು ಹೆಂಗಸರು, ಮುದುಕರು ಮಕ್ಕಳನ್ನ ಕೊಂಡು, ಕೊರಳಿಗೆ ಹಗ್ಗ ಕಟ್ಟಿ ಸಾಲಾಗಿ ಹೊಡೆದುಕೊಂಡು ಹೋಗುತ್ತಿದ್ದರು ಅಂತ. ನರಕ ಅಂದರೆ ಇದೇ ಅಂತ ಅವನಿಗೆ ಅನ್ನಿಸಿತು. ಅವನ ಊರು ಉಸುಕಿ, ಬುಂಗೊ ಪ್ರಾಂತ್ಯದ್ದು. ಕಾರವಾರದಅಲೆ ಹೇಳಿದ ಅದೇ ಬುಂಗೊ. ತನ್ನ ಊರಿನವರು ಹೀಗೆ ಹೋದದ್ದನ್ನ ಹತ್ತು ವರ್ಷದ ಹಿಂದೆಯಷ್ಟೇ ಕಂಡೋ ಕೇಳಿಯೋ ಇದ್ದವನು.

ಒಸಾಕಾವಾಸಿ:

ಇನ್ನೊಂದು ಸೇರಿಸುತ್ತೇನೆ. ಒಸಾಕಾ ಕೋಟೆಯ ಸಂಗ್ರಹಾಲಯದಲ್ಲಿ 1615ರ ಯುದ್ಧದ ಮಡಚುತೆರೆ ಚಿತ್ರ ಇದೆ. ಐದು ಸಾವಿರಕ್ಕೂ ಜಾಸ್ತಿ ಮನುಷ್ಯರನ್ನ ಬಿಡಿಸಿದ್ದಾರೆ. ಬಲಭಾಗದಲ್ಲಿ ಸೈನ್ಯಗಳು, ಬಾವುಟಗಳು. ಎಡಭಾಗ ಪೂರ್ತಿ ಓಡುತ್ತಿರುವ ಊರಿನ ಜನ. ಹೆಂಗಸರ ಕೈ ಹಿಡಿದು ಎಳೆಯುತ್ತಿರುವ ಸೈನಿಕರಿದ್ದಾರೆ, ನದಿಗೆ ಇಳಿದ ಸಂಸಾರಗಳಿವೆ, ದಾಟಿ ಬಂದವರ ಬಟ್ಟೆ ಸುಲಿಯುತ್ತಿರುವ ಕಳ್ಳರಿದ್ದಾರೆ. ಇದನ್ನ ಬರೆಸಿದ್ದು ಗೆದ್ದ ತೊಕುಗಾವಾ ಕಡೆ ಇದ್ದ ಕುರೋದಾ ಮನೆತನ ಅಂತ ಹೇಳುತ್ತಾರೆ. ಗೆದ್ದವರ ಚಿತ್ರದಲ್ಲೇ ಗೆದ್ದವರ ಸೈನಿಕರು ಹೀಗೆ ಕಾಣುತ್ತಾರೆ. ಅದೇ ಯುದ್ಧದಲ್ಲಿ ಅವಾ ಪ್ರಾಂತ್ಯದ ಹಚಿಸುಕಾ ಸೈನ್ಯ ಹಿಡಿದು ತಂದವರ ಪಟ್ಟಿಯೂ ಉಳಿದಿದೆ, ಅದರಲ್ಲಿ ಹೆಂಗಸರು ಮಕ್ಕಳೇ ಜಾಸ್ತಿ.

ಮೂಲ ಚಿತ್ರ ಯಾವಾಗಲೂ ಹೊರಗಿಟ್ಟಿರಲ್ಲ, ಹೋಗುವ ಮುಂಚೆ ವಿಚಾರಿಸಿ. ಈ ಕಡೆ ಬರುವವರು ಯಾರಾದರೂ ಇದ್ದರೆ, ಕನ್ಸಾಯ್ ವಿಮಾನ ನಿಲ್ದಾಣಕ್ಕೆ ಇಝುಮಿಸಾನೊ ಹತ್ತಿರದ ಊರು. ಹಿನೆನೊ ಕಣಿವೆ ನೋಡಿಕೊಂಡು ಬರಬಹುದು, ನಾನೂ ಜೊತೆಗೆ ಬರುತ್ತೇನೆ.